ಸೇನಾ ವಿಮಾನದ ಗುತ್ತಿಗೆ ಯಾರಿಗೆ? ದೇಶೀಯ ಮತ್ತು ವಿದೇಶಿ ತಯಾರಕರನ್ನು ತೂಗಿ ನೋಡುವ ಬಗೆ

ಸೇನಾ ವಿಮಾನಗಳ ಗುತ್ತಿಗೆ ಸ್ವದೇಶದ ತಯಾರಕರಿಗೆ ಸಿಗಬೇಕೋ ವಿದೇಶಿ ತಯಾರಕರಿಗೆ ಸಿಗಬೇಕೋ ಎಂಬ ಚರ್ಚೆ ಯಾವ ದೇಶದಲ್ಲಿ ಎದ್ದರೂ ಬಹುಬೇಗ ಎರಡು ಬಣಗಳಾಗಿ ಒಡೆಯುತ್ತದೆ. ಸ್ವಾವಲಂಬನೆ, ಉದ್ಯೋಗ, ತಂತ್ರಜ್ಞಾನ ಎನ್ನುವವರು ಒಂದು ಕಡೆ ನಿಂತರೆ, ಯುದ್ಧ ಬಂದಾಗ ಪೈಲಟ್‌ನ ಕೈಯಲ್ಲಿ ಒಳ್ಳೆಯ ವಿಮಾನ ಇರಬೇಕು, ಅದು ಎಲ್ಲಿಯದಾದರೇನು ಎನ್ನುವವರು ಇನ್ನೊಂದು ಕಡೆ ನಿಲ್ಲುತ್ತಾರೆ. ಎರಡೂ ಮಾತಿನಲ್ಲಿ ಹುರುಳಿದೆ. ಆದರೆ ಮೇಜಿನ ಮೇಲಿರುವ ಒಂದು ನಿರ್ದಿಷ್ಟ ಗುತ್ತಿಗೆಯನ್ನು ತೀರ್ಮಾನಿಸಲು ಎರಡೂ ಸಾಲುವುದಿಲ್ಲ. ಖರೀದಿ ಮಂಡಳಿಗೆ ಹೊಸದಾಗಿ ಬಂದವರು, ಸಂಸದೀಯ ಸಮಿತಿಗಾಗಿ ಕಡತ ಓದುವವರು, ರಕ್ಷಣಾ ವಿಷಯ ಬರೆಯುವ ಪತ್ರಕರ್ತರು, ವಿದ್ಯಾರ್ಥಿಗಳು ಇಂತಹ ಗುತ್ತಿಗೆಯನ್ನು ಯಾವ ಕ್ರಮದಲ್ಲಿ ಪರಿಶೀಲಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಉದ್ದಕ್ಕೂ ನೆನಪಿಡಬೇಕಾದ ಪ್ರಶ್ನೆ ಒಂದೇ: ವಿಮಾನ ಸೇವೆಯಲ್ಲಿರುವ ಮೂವತ್ತು ನಲವತ್ತು ವರ್ಷಗಳಲ್ಲಿ ಅದನ್ನು ದುರಸ್ತಿ ಮಾಡುವ, ಬದಲಾಯಿಸುವ, ಬೇಕಾದಾಗ ಹಾರಿಸುವ ಅಧಿಕಾರ ಯಾರ ಕೈಯಲ್ಲಿ ಇರುತ್ತದೆ?

ವಿಮಾನವನ್ನು ಭಾಗ ಭಾಗವಾಗಿ ಬಿಡಿಸಿ ನೋಡಿ

ಮೊದಲ ಕೆಲಸವೆಂದರೆ ಬಿಡ್ ಸಲ್ಲಿಸಿದ ಕಂಪನಿಯ ಹೆಸರನ್ನು ಪಕ್ಕಕ್ಕಿಟ್ಟು, ವಿಮಾನದ ಮುಖ್ಯ ಅಂಗಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳುವುದು: ದೇಹ ಮತ್ತು ರೆಕ್ಕೆ, ಎಂಜಿನ್, ರಾಡಾರ್, ಹಾರಾಟ ನಿಯಂತ್ರಣದ ಸಾಫ್ಟ್‌ವೇರ್, ಮಿಷನ್ ಕಂಪ್ಯೂಟರ್, ಎಜೆಕ್ಷನ್ ಆಸನ, ಶಸ್ತ್ರಾಸ್ತ್ರ, ಅಂತಿಮ ಜೋಡಣೆ. ಪ್ರತಿಯೊಂದರ ಎದುರು ಮೂರು ವಿಷಯಗಳನ್ನು ದಾಖಲಿಸಬೇಕು. ಅದರ ವಿನ್ಯಾಸ ಯಾರದು, ಅದು ತಯಾರಾಗುವುದು ಎಲ್ಲಿ, ಮತ್ತು ಅದರಲ್ಲಿ ಬದಲಾವಣೆ ಮಾಡಲು ಯಾರ ಅನುಮತಿ ಬೇಕು. ಈ ಮೂರನೆಯ ಅಂಕಣವೇ ಎಲ್ಲಕ್ಕಿಂತ ಮುಖ್ಯವಾದುದು. ಆದರೆ ಕಂಪನಿಗಳು ಕೊಡುವ ಬಣ್ಣದ ಕಿರುಹೊತ್ತಿಗೆಗಳಲ್ಲಿ ಅದು ಕಾಣಿಸುವುದೇ ಇಲ್ಲ.

ಈ ಹಾಳೆ ತುಂಬಿದಾಗ ‘ದೇಶೀಯ’ ಮತ್ತು ‘ವಿದೇಶಿ’ ಎಂಬ ಗೆರೆ ಎಷ್ಟು ಮಸುಕಾದುದೆಂದು ತಿಳಿಯುತ್ತದೆ. ಅಫ್ಘಾನಿಸ್ತಾನದ ವಾಯುಪಡೆಗಾಗಿ ಅಮೆರಿಕ ಖರೀದಿಸಿದ ಸೂಪರ್ ಟುಕಾನೋ ಎಂಬ ಹಗುರ ದಾಳಿ ವಿಮಾನ ಬ್ರೆಜಿಲ್‌ನ ಎಂಬ್ರೇಯರ್‌ನ ವಿನ್ಯಾಸ. ಗುತ್ತಿಗೆ ಪಡೆದದ್ದು ಅಮೆರಿಕದ ಸಿಯೆರಾ ನೆವಾಡಾ, ಜೋಡಣೆ ನಡೆದದ್ದು ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ. ಇದಕ್ಕೆ ಪ್ರತಿಯಾಗಿ ಭಾರತದ ತೇಜಸ್ ದೇಶೀಯ ವಿನ್ಯಾಸದ ವಿಮಾನವೇ ಆದರೂ ಅದರ ಎಫ್404 ಎಂಜಿನ್ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನದು. 2021ರಲ್ಲಿ 73 ತೇಜಸ್ ಮಾರ್ಕ್ 1ಎ ಮತ್ತು 10 ತರಬೇತಿ ತೇಜಸ್ ವಿಮಾನಗಳಿಗೆ ಒಪ್ಪಂದವಾಯಿತು; ಎಂಜಿನ್ ಸರಬರಾಜು ತಡವಾಗಿ, ಆ ಸರಣಿಯ ಮೊದಲ ಎಂಜಿನ್ ಕೈಸೇರಿದ್ದು 2025ರ ಮಾರ್ಚ್‌ನಲ್ಲಿ. ಭಾರತದ್ದೇ ಹಳೆಯ ಎಚ್‌ಎಫ್-24 ಮಾರುತ್ ವಿಮಾನದ ಕಥೆಯೂ ಎಂಜಿನ್‌ನದೇ. ಜರ್ಮನ್ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ರೂಪುಗೊಂಡು 1961ರಲ್ಲಿ ಮೊದಲು ಹಾರಿದ ಆ ವಿಮಾನದ ದೇಹ ಶಬ್ದದ ವೇಗವನ್ನು ಮೀರಲು ತಕ್ಕುದಾಗಿದ್ದರೂ, ಅದಕ್ಕೆಂದು ಎಣಿಸಿದ್ದ ಎಂಜಿನ್ ಸಿಗದೆ ದುರ್ಬಲವಾದ ಆರ್ಫಿಯಸ್ ಎಂಜಿನ್‌ನಲ್ಲೇ ತನ್ನ ಸೇವೆಯನ್ನು ಮುಗಿಸಬೇಕಾಯಿತು.

ಎಂಜಿನ್‌ನ ಹಿಡಿತ ಮಾರಾಟದವರೆಗೂ ಚಾಚುತ್ತದೆ. 1978ರಲ್ಲಿ ಸ್ವೀಡನ್ ತನ್ನ ವಿಗ್ಗೆನ್ ವಿಮಾನವನ್ನು ಭಾರತಕ್ಕೆ ಮಾರಲು ಹೊರಟಾಗ ಅಮೆರಿಕ ತಡೆಯಿತು, ಏಕೆಂದರೆ ವಿಗ್ಗೆನ್‌ನ ಎಂಜಿನ್ ಅಮೆರಿಕದ ವಿನ್ಯಾಸದಿಂದ ಬಂದದ್ದಾಗಿತ್ತು. ಆದ್ದರಿಂದ ದೇಶೀಯ ಉದ್ಯಮವು ಮುಂದೆ ರಫ್ತಿನಿಂದ ವೆಚ್ಚವನ್ನು ಸರಿದೂಗಿಸುತ್ತದೆ ಎಂದು ಪ್ರಸ್ತಾವದಲ್ಲಿ ಬರೆದಿದ್ದರೆ, ಆ ರಫ್ತಿಗೆ ಯಾರ ಸಹಿ ಬೇಕು ಎಂಬುದನ್ನು ಅದೇ ಪುಟದಲ್ಲಿ ಕೇಳಬೇಕು.

ದೇಶೀಯ ಅಂಶ ಇಷ್ಟು ಶೇಕಡಾ ಎಂಬ ಲೆಕ್ಕವನ್ನು ಎಚ್ಚರದಿಂದ ಓದಬೇಕು. ಅದು ಸಾಮಾನ್ಯವಾಗಿ ಬೆಲೆಯ ಲೆಕ್ಕ, ಪ್ರಾಮುಖ್ಯದ ಲೆಕ್ಕವಲ್ಲ. ಬೆಲೆಯಲ್ಲಿ ಶೇಕಡಾ 70ರಷ್ಟು ಭಾಗ ದೇಶದೊಳಗೇ ತಯಾರಾದರೂ, ಉಳಿದ ಶೇಕಡಾ 30ರಲ್ಲಿ ಎಂಜಿನ್ ಮತ್ತು ರಾಡಾರ್ ಇದ್ದರೆ ವಿಮಾನ ನೆಲಬಿಡುವುದು ಹೊರಗಿನವರ ಒಪ್ಪಿಗೆಯ ಮೇಲೆಯೇ. ಇನ್ನು ಸಾಫ್ಟ್‌ವೇರ್. ಎಫ್-16ರ ಆಧಾರದ ಮೇಲೆ ಜಪಾನ್ ತನ್ನ ಎಫ್-2 ವಿಮಾನವನ್ನು ಅಮೆರಿಕದೊಂದಿಗೆ ಸೇರಿ ರೂಪಿಸಿದಾಗ, ಹಾರಾಟ ನಿಯಂತ್ರಣದ ಸೋರ್ಸ್ ಕೋಡ್ ಕೊಡಲು ಅಮೆರಿಕ ಒಪ್ಪಲಿಲ್ಲ; ಜಪಾನ್ ಅದನ್ನು ತಾನೇ ಬರೆದುಕೊಂಡಿತು. ದಕ್ಷಿಣ ಕೊರಿಯಾಕ್ಕೆ 2015ರಲ್ಲಿ ಇಂತಹುದೇ ಅನುಭವವಾಯಿತು. ಎಇಎಸ್‌ಎ ರಾಡಾರ್ (ಆಂಟೆನಾ ತಿರುಗಿಸದೆ ಕಿರಣವನ್ನು ಎಲೆಕ್ಟ್ರಾನಿಕ್ ಆಗಿ ತಿರುಗಿಸುವ ರಾಡಾರ್) ಸೇರಿದಂತೆ ನಾಲ್ಕು ಮುಖ್ಯ ತಂತ್ರಜ್ಞಾನಗಳನ್ನು ಅಮೆರಿಕ ನಿರಾಕರಿಸಿದ ಮೇಲೆ ಅದು ಸ್ವಂತ ರಾಡಾರ್ ರೂಪಿಸಿ, 2022ರ ಜುಲೈನಲ್ಲಿ ಕೆಎಫ್-21 ಯುದ್ಧವಿಮಾನವನ್ನು ಹಾರಿಸಿತು. ಈ ಎರಡೂ ದೇಶಗಳು ಹಣ, ಸಮಯ, ಪರಿಣತ ಎಂಜಿನಿಯರುಗಳು ಮೂರನ್ನೂ ಕೂಡಿಸಲು ಶಕ್ತವಾಗಿದ್ದವು. ತಂತ್ರಜ್ಞಾನ ವರ್ಗಾವಣೆ ಎಂದು ಬಿಡ್‌ನಲ್ಲಿ ಬರೆದಿರುವುದನ್ನು ಕಂಡಾಗ ಯಾವ ರೇಖಾಚಿತ್ರ, ಯಾವ ಕೋಡ್, ಯಾವ ಪ್ರಕ್ರಿಯೆ ಎಂದು ಒಂದೊಂದಾಗಿ ಹೆಸರಿಸಿ ಕೇಳದಿದ್ದರೆ, ಕೊನೆಗೆ ಬರುವುದು ಬಿಡಿಭಾಗಗಳ ಪೆಟ್ಟಿಗೆ ಮತ್ತು ಜೋಡಣೆಯ ಕೈಪಿಡಿ ಮಾತ್ರ.

ಅಗತ್ಯವನ್ನು ಮೊದಲೇ ಬರೆಯಿರಿ, ಬರೆದದ್ದಕ್ಕೆ ಬದ್ಧರಾಗಿರಿ

ಗುತ್ತಿಗೆಗಳು ಕೆಡುವುದು ಹೆಚ್ಚಾಗಿ ಈ ಹಂತದಲ್ಲಿ. ಅಮೆರಿಕದ ವಾಯುಪಡೆ ಆಕಾಶದಲ್ಲೇ ಬೇರೆ ವಿಮಾನಗಳಿಗೆ ಇಂಧನ ತುಂಬುವ ತನ್ನ ಹಳೆಯ ಟ್ಯಾಂಕರ್ ವಿಮಾನಗಳ ಬದಲಿಗೆ ಹೊಸವನ್ನು ಕೊಳ್ಳಲು ಪಟ್ಟ ಪಾಡನ್ನು ಈ ಕಾರಣಕ್ಕಾಗಿಯೇ ಬಿಡಿಸಿ ನೋಡುವುದು ಒಳ್ಳೆಯದು.

ಮೊದಲಿಗೆ, 2000ದ ದಶಕದ ಆರಂಭದಲ್ಲಿ, ಬೋಯಿಂಗ್‌ನಿಂದ 100 ಟ್ಯಾಂಕರ್‌ಗಳನ್ನು ಬಾಡಿಗೆಗೆ ಪಡೆಯುವ ಯೋಜನೆ ಇತ್ತು. ವಾಯುಪಡೆಯ ಹಿರಿಯ ಖರೀದಿ ಅಧಿಕಾರಿಯಾಗಿದ್ದ ಡಾರ್ಲೀನ್ ಡ್ರುಯನ್ ಮಾತುಕತೆ ನಡೆಯುತ್ತಿದ್ದಾಗಲೇ ಅದೇ ಕಂಪನಿಯಲ್ಲಿ ತನಗೊಂದು ಹುದ್ದೆ ಗೊತ್ತುಮಾಡಿಕೊಳ್ಳುತ್ತಿದ್ದರು ಎಂಬುದು ಬಯಲಾಗಿ, ಅವರಿಗೆ ಒಂಬತ್ತು ತಿಂಗಳ ಜೈಲು ಶಿಕ್ಷೆಯಾಯಿತು, ಯೋಜನೆ ಮುರಿದುಬಿತ್ತು. ನಂತರ ಮುಕ್ತ ಸ್ಪರ್ಧೆ ನಡೆದು, 2008ರ ಫೆಬ್ರುವರಿ 29ರಂದು 179 ವಿಮಾನಗಳ ಗುತ್ತಿಗೆ ನಾರ್ತ್ರಪ್ ಗ್ರಮ್ಮನ್ ಮತ್ತು ಯುರೋಪಿನ ಇಎಡಿಎಸ್ (ಏರ್‌ಬಸ್‌ನ ಮಾತೃ ಕಂಪನಿ) ಕೂಟಕ್ಕೆ ಸಿಕ್ಕಿತು. ಅವರ ವಿಮಾನ ಏರ್‌ಬಸ್ ಎ330 ಆಧಾರಿತ. ಜೋಡಣೆ ಅಲಬಾಮಾದ ಮೊಬೈಲ್ ನಗರದಲ್ಲಿ ಎಂದು ಅವರ ಪ್ರಸ್ತಾವ. ಅಮೆರಿಕದ ತೆರಿಗೆ ಹಣ ಯುರೋಪಿಗೆ ಹೋಗುತ್ತದೆ ಎಂದು ಬೊಬ್ಬೆ ಎದ್ದಿತು. ಆದರೆ ಬೋಯಿಂಗ್ ಸಲ್ಲಿಸಿದ ಆಕ್ಷೇಪಣೆಯನ್ನು ಲೆಕ್ಕಪರಿಶೋಧನಾ ಸಂಸ್ಥೆಯಾದ ಜಿಎಒ 2008ರ ಜೂನ್ 18ರಂದು ಎತ್ತಿಹಿಡಿದಾಗ ಕೊಟ್ಟ ಕಾರಣಗಳಲ್ಲಿ ವಿದೇಶಿ ಎಂಬ ಮಾತಿಗೆ ಜಾಗವೇ ಇರಲಿಲ್ಲ. ಟೆಂಡರ್ ದಾಖಲೆಯಲ್ಲಿ ಗುರಿ ಮೀರಿದ ಸಾಮರ್ಥ್ಯಕ್ಕೆ ಹೆಚ್ಚುವರಿ ಅಂಕವಿಲ್ಲ ಎಂದು ಬರೆದು, ಮೌಲ್ಯಮಾಪನದಲ್ಲಿ ಆ ಅಂಕ ಕೊಟ್ಟಿದ್ದರು. ಒಂದು ಅಂಶದಲ್ಲಿ ಗುರಿ ಪೂರ್ಣವಾಗಿ ತಲುಪಿದ್ದೀರಿ ಎಂದು ಬೋಯಿಂಗ್‌ಗೆ ಹೇಳಿ, ಬಳಿಕ ಆ ಅಭಿಪ್ರಾಯವನ್ನು ಬದಲಿಸಿದರೂ ಅದನ್ನು ತಿಳಿಸಿರಲಿಲ್ಲ. ಜೀವಿತಾವಧಿಯ ವೆಚ್ಚದ ಲೆಕ್ಕದಲ್ಲಿ ತಪ್ಪುಗಳಿದ್ದವು.

ಇದಾದ ಮೇಲೆ ಹೊರಡಿಸಿದ ಟೆಂಡರ್‌ನ ರಚನೆ ಬೇರೆಯೇ ಆಗಿತ್ತು. 372 ಕಡ್ಡಾಯ ಅಗತ್ಯಗಳು. ಪ್ರತಿಯೊಂದಕ್ಕೂ ಉತ್ತರ ‘ಪೂರೈಸಿದೆ’ ಅಥವಾ ‘ಪೂರೈಸಿಲ್ಲ’. ಎಲ್ಲವನ್ನೂ ಪೂರೈಸಿದವರಲ್ಲಿ ಸರಿಹೊಂದಿಸಿದ ಬೆಲೆ ಯಾರದು ಕಡಿಮೆಯೋ ಅವರಿಗೆ ಗುತ್ತಿಗೆ. ಬೆಲೆಗಳ ಅಂತರ ಶೇಕಡಾ 1ಕ್ಕಿಂತ ಕಡಿಮೆ ಇದ್ದರೆ ಮಾತ್ರ 93 ಐಚ್ಛಿಕ ಅಂಶಗಳನ್ನು ತೆರೆದು ನೋಡುವುದು. 2011ರ ಫೆಬ್ರುವರಿಯಲ್ಲಿ ಬೋಯಿಂಗ್ ಗೆದ್ದಾಗ ಎದುರಾಳಿ ಆಕ್ಷೇಪಣೆ ಸಲ್ಲಿಸಲಿಲ್ಲ. ಹೌದು ಅಥವಾ ಇಲ್ಲ ಎಂದು ಉತ್ತರಿಸುವ ಪಟ್ಟಿಗೂ ದೋಷವಿದೆ, ಏಕೆಂದರೆ ಕನಿಷ್ಠಕ್ಕಿಂತ ಎಷ್ಟೋ ಉತ್ತಮವಾದ ವಿಮಾನಕ್ಕೆ ಅದರಲ್ಲಿ ಮನ್ನಣೆ ಸಿಗುವುದಿಲ್ಲ. ಆದರೂ ಸ್ವದೇಶದ ತಯಾರಕರು ಕಣದಲ್ಲಿರುವಾಗ, ರಾಜಕೀಯ ಒತ್ತಡ ಖಚಿತವಾಗಿ ಬರಲಿರುವಾಗ, ಮೌಲ್ಯಮಾಪನ ಮಾಡುವ ಅಧಿಕಾರಿಗಳನ್ನು ಕಾಪಾಡುವುದು ಇಂತಹ ಸ್ಪಷ್ಟ ಪಟ್ಟಿಯೇ ಎಂಬುದು ನನ್ನ ಅಭಿಪ್ರಾಯ.

ಇಲ್ಲಿಂದ ಕೆಲವು ನಿಯಮಗಳು ಸಿಗುತ್ತವೆ. ಬಿಡ್ ತೆರೆಯುವ ಮೊದಲೇ ಮೌಲ್ಯಮಾಪನದಲ್ಲಿ ಯಾವ ಅಂಶಕ್ಕೆ ಎಷ್ಟು ತೂಕ ಎಂದು ನಿಗದಿಪಡಿಸಿ, ಮೊಹರು ಹಾಕಿ ಇಡಬೇಕು. ದೇಶೀಯ ತಯಾರಕರಿಗೆ ಆದ್ಯತೆ ಕೊಡುವ ಇಚ್ಛೆ ಸರ್ಕಾರಕ್ಕಿದ್ದರೆ ಅದನ್ನು ಬಹಿರಂಗವಾಗಿ, ಅಂಕಿಯಲ್ಲಿ ಬರೆಯಬೇಕು: ಬೆಲೆಯಲ್ಲಿ ಇಷ್ಟು ಶೇಕಡಾ ರಿಯಾಯಿತಿ, ಅಥವಾ ಇಷ್ಟು ದೇಶೀಯ ಅಂಶ ಕಡ್ಡಾಯ, ಅಥವಾ ಸ್ಪರ್ಧೆಯೇ ದೇಶೀಯರಿಗೆ ಮೀಸಲು. ಇವುಗಳಲ್ಲಿ ಯಾವುದೂ ಅನ್ಯಾಯವಲ್ಲ. ವಿಶ್ವ ವ್ಯಾಪಾರ ಸಂಸ್ಥೆಯ ಸರ್ಕಾರಿ ಖರೀದಿ ಒಪ್ಪಂದವಾಗಲಿ, ಐರೋಪ್ಯ ಒಕ್ಕೂಟದ ಒಪ್ಪಂದದ 346ನೇ ವಿಧಿಯಾಗಲಿ ರಾಷ್ಟ್ರೀಯ ಭದ್ರತೆಯ ಖರೀದಿಗೆ ವಿನಾಯಿತಿ ಕೊಡುತ್ತವೆ. ಅಮೆರಿಕದಲ್ಲಿ 1933ರಿಂದಲೇ ದೇಶೀಯ ವಸ್ತುಗಳ ಪರವಾದ ಕಾನೂನಿದೆ. ಅನ್ಯಾಯವಾಗುವುದು ಮುಕ್ತ ಸ್ಪರ್ಧೆ ಎಂದು ಘೋಷಿಸಿ, ಒಬ್ಬನೇ ಸ್ಪರ್ಧಿಯ ವಿಮಾನದ ಅಳತೆಗೆ ತಕ್ಕಂತೆ ಅಗತ್ಯಗಳನ್ನು ಹೊಲಿದಾಗ. ಪ್ರತಿಯೊಂದು ಅಗತ್ಯದ ಎದುರು ‘ಇದು ಯಾವ ಕಾರ್ಯಾಚರಣೆಗೆ ಬೇಕು’ ಎಂಬ ಒಂದು ಸಾಲಿನ ವಿವರಣೆ ಇರಲಿ. ವಿವರಣೆ ಸಿಗದ ಅಗತ್ಯವನ್ನು ಅನುಮಾನದಿಂದ ನೋಡಿ.

ಬೆಲೆ: ಯಾವುದನ್ನು ಯಾವುದರೊಂದಿಗೆ ಹೋಲಿಸಬೇಕು

ಪತ್ರಿಕೆಗಳಲ್ಲಿ ಬರುವ ‘ಒಂದು ವಿಮಾನಕ್ಕೆ ಇಷ್ಟು ಕೋಟಿ’ ಎಂಬ ಅಂಕಿಯಿಂದ ಹೋಲಿಕೆ ಮಾಡಲಾಗದು. ಕೆಲವೊಮ್ಮೆ ಅದು ಖಾಲಿ ವಿಮಾನದ ಬೆಲೆ. ಕೆಲವೊಮ್ಮೆ ಶಸ್ತ್ರಾಸ್ತ್ರ, ತರಬೇತಿ, ಸಿಮ್ಯುಲೇಟರ್, ಬಿಡಿಭಾಗ, ನೆಲೆಗಳ ನಿರ್ಮಾಣ ಎಲ್ಲವನ್ನೂ ಸೇರಿಸಿ ವಿಮಾನಗಳ ಸಂಖ್ಯೆಯಿಂದ ಭಾಗಿಸಿದ ಮೊತ್ತ. ದೇಶೀಯ ವಿಮಾನದ ಅಭಿವೃದ್ಧಿ ವೆಚ್ಚ ಬೇರೆ ಇಲಾಖೆಯ ಲೆಕ್ಕದಲ್ಲಿ ಈಗಾಗಲೇ ಖರ್ಚಾಗಿರುವುದರಿಂದ ಅದು ಬಿಡ್‌ನಲ್ಲಿ ಕಾಣುವುದಿಲ್ಲ. ವಿದೇಶಿ ವಿಮಾನದಲ್ಲಿ ಅದು ಬೆಲೆಯೊಳಗೇ ಸೇರಿರುತ್ತದೆ. ಹೋಲಿಸುವ ಮೊದಲು ಎರಡೂ ಬಿಡ್‌ಗಳನ್ನು ಒಂದೇ ಪಟ್ಟಿಯ ಕೆಳಗೆ ತರಬೇಕು.

ಅಮೆರಿಕದ ಜಿಎಒ ಹಲವು ಬಾರಿ ಹೇಳಿರುವಂತೆ ಶಸ್ತ್ರ ವ್ಯವಸ್ಥೆಯೊಂದರ ಜೀವಿತಾವಧಿ ವೆಚ್ಚದಲ್ಲಿ ಸುಮಾರು ಶೇಕಡಾ 70ರಷ್ಟು ಬೀಳುವುದು ಖರೀದಿಯ ನಂತರ, ನಿರ್ವಹಣೆ ಮತ್ತು ಬೆಂಬಲಕ್ಕಾಗಿ. ಹೀಗಿರುವಾಗ ಖರೀದಿ ಬೆಲೆಯಲ್ಲಿ ಶೇಕಡಾ 5ರ ಅಂತರಕ್ಕಾಗಿ ತಿಂಗಳುಗಟ್ಟಲೆ ಚೌಕಾಸಿ ಮಾಡಿ, ಪ್ರತಿ ಹಾರಾಟ ಗಂಟೆಯ ವೆಚ್ಚವನ್ನು ಕಂಪನಿ ಕೊಟ್ಟ ಅಂಕಿಯಂತೆಯೇ ಒಪ್ಪಿಕೊಳ್ಳುವುದು ವಿವೇಕವಲ್ಲ. ಅದೇ ವಿಮಾನವನ್ನು ಈಗಾಗಲೇ ಹಾರಿಸುತ್ತಿರುವ ವಾಯುಪಡೆಗಳಿಂದ ನಿಜವಾದ ಗಂಟೆವಾರು ವೆಚ್ಚ, ಎಂಜಿನ್ ಕೂಲಂಕಷ ದುರಸ್ತಿಯ ಅಂತರ, ಬೆಳಿಗ್ಗೆ ಹಾರಾಟಕ್ಕೆ ಸಿದ್ಧವಿರುವ ವಿಮಾನಗಳ ಪ್ರಮಾಣ ಇವನ್ನು ಕೇಳಿ ಪಡೆಯಬೇಕು. ನಾರ್ವೆ 2001ರಲ್ಲಿ 14 ಎನ್‌ಎಚ್90 ಹೆಲಿಕಾಪ್ಟರ್‌ಗಳಿಗೆ ಒಪ್ಪಂದ ಮಾಡಿಕೊಂಡಿತ್ತು. ವರ್ಷಕ್ಕೆ 3,900 ಹಾರಾಟ ಗಂಟೆ ಬೇಕಿದ್ದಲ್ಲಿ ಸುಮಾರು 700 ಗಂಟೆ ಮಾತ್ರ ಸಿಗುತ್ತಿದೆ ಎಂದು ಹೇಳಿ, 2022ರಲ್ಲಿ ಒಪ್ಪಂದವನ್ನೇ ರದ್ದುಪಡಿಸಿತು.

ವಿದೇಶಿ ವಿಮಾನವನ್ನು ಪರವಾನಗಿ ಪಡೆದು ದೇಶದಲ್ಲೇ ತಯಾರಿಸುವ ನಡುದಾರಿಯನ್ನು ಪರಿಶೀಲಿಸುವಾಗ ಸಂಖ್ಯೆಯನ್ನು ಮೊದಲು ನೋಡಬೇಕು. ಟಿ. ಪಿ. ರೈಟ್ ಎಂಬ ಎಂಜಿನಿಯರ್ 1936ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ತಯಾರಾದ ವಿಮಾನಗಳ ಒಟ್ಟು ಸಂಖ್ಯೆ ಇಮ್ಮಡಿಯಾದಾಗಲೆಲ್ಲ ತಲಾ ಸರಾಸರಿ ಶ್ರಮ ಸುಮಾರು ಶೇಕಡಾ 20ರಷ್ಟು ಇಳಿಯುತ್ತದೆ. ಮೊದಲ ವಿಮಾನದ ಶ್ರಮ 100 ಎಂದಿಟ್ಟುಕೊಂಡರೆ, ಎರಡು ವಿಮಾನಗಳ ಹೊತ್ತಿಗೆ ಸರಾಸರಿ 80, ನಾಲ್ಕಕ್ಕೆ 64, ಎಂಟಕ್ಕೆ 51, ಹದಿನಾರಕ್ಕೆ 41, ಮೂವತ್ತೆರಡಕ್ಕೆ 33. ಮೂಲ ಕಾರ್ಖಾನೆ ಈಗಾಗಲೇ ನೂರಾರು ವಿಮಾನ ಕಟ್ಟಿ ಈ ಇಳಿಜಾರಿನ ಕೆಳತುದಿಯಲ್ಲಿರುತ್ತದೆ. ಹೊಸ ಕಾರ್ಖಾನೆ ಮೇಲ್ತುದಿಯಿಂದ ಆರಂಭಿಸಬೇಕು. ಇಪ್ಪತ್ತು ವಿಮಾನಗಳಿಗಾಗಿ ಜೋಡಣಾ ಸಾಲು ಹಾಕಿದರೆ ಕಲಿಯುವ ಖರ್ಚನ್ನೆಲ್ಲ ಭರಿಸಿ, ಕಲಿಕೆಯ ಲಾಭ ಬರುವ ಹೊತ್ತಿಗೆ ಸಾಲು ಮುಚ್ಚುತ್ತದೆ. ಬ್ರಿಟನ್ ತನ್ನ 67 ಅಪಾಚೆ ಹೆಲಿಕಾಪ್ಟರ್‌ಗಳಲ್ಲಿ ಹೆಚ್ಚಿನವನ್ನು ವೆಸ್ಟ್‌ಲ್ಯಾಂಡ್‌ನಲ್ಲಿ ಜೋಡಿಸಿತ್ತು. ಮುಂದಿನ ಪೀಳಿಗೆಯ 50ನ್ನು ನೇರವಾಗಿ ಅಮೆರಿಕದಿಂದ ತರಿಸಿಕೊಂಡಿತು. ಪರವಾನಗಿ ತಯಾರಿಕೆಗೆ ಹೆಚ್ಚುವರಿ ಹಣ ಕೊಡುವುದಾದರೆ ಅದು ಯಾವ ಸಾಮರ್ಥ್ಯದ ಬೆಲೆ ಎಂದು ಹೇಳಲು ಬರಬೇಕು. ಎಂಜಿನ್ ದುರಸ್ತಿಯ ಸಾಮರ್ಥ್ಯ ಎಂದಾದರೆ ಕೊಡಬಹುದು. ಬಂದ ಭಾಗಗಳಿಗೆ ಬೋಲ್ಟ್ ಬಿಗಿಯುವ ಸಾಮರ್ಥ್ಯ ಎಂದಾದರೆ ಅದೇ ಹಣದಲ್ಲಿ ನಾಲ್ಕು ವಿಮಾನ ಹೆಚ್ಚು ಕೊಳ್ಳುವುದು ಲೇಸು.

ಕಾಲದ ಲೆಕ್ಕ

ಹಳೆಯ ವಿಮಾನಗಳು ನಿವೃತ್ತಿಯಾಗುವ ದಿನಾಂಕಗಳನ್ನು ಒಂದು ಸಾಲಿನಲ್ಲಿ, ಹೊಸವು ಸೇವೆಗೆ ಸೇರುವ ದಿನಾಂಕಗಳನ್ನು ಅದರ ಕೆಳಗಿನ ಸಾಲಿನಲ್ಲಿ ಬರೆಯಿರಿ. ನಡುವಿನ ಖಾಲಿ ಜಾಗವೇ ಅಪಾಯ. ದೇಶೀಯ ಅಭಿವೃದ್ಧಿ ಯೋಜನೆಗೆ ಕಂಪನಿ ಕೊಟ್ಟ ದಿನಾಂಕದ ಜೊತೆಗೆ, ಅದೇ ಕಂಪನಿಯ ಹಿಂದಿನ ಯೋಜನೆಗಳು ಎಷ್ಟು ತಡವಾಗಿದ್ದವೋ ಅಷ್ಟು ತಡವನ್ನು ಸೇರಿಸಿ ಇನ್ನೊಂದು ಸಾಲನ್ನೂ ಎಳೆಯಬೇಕು.

ಬ್ರಿಟನ್ ಈ ಪಾಠವನ್ನು ಎರಡು ಸಲ ಕಲಿಯಿತು. ಮುನ್ನೆಚ್ಚರಿಕೆ ರಾಡಾರ್ ಹೊತ್ತ ನಿಮ್ರಾಡ್ ಎಇಡಬ್ಲ್ಯು3 ಯೋಜನೆಯನ್ನು 1977ರಲ್ಲಿ ಕೈಗೆತ್ತಿಕೊಂಡು, ಸುಮಾರು 100 ಕೋಟಿ ಪೌಂಡ್ ವೆಚ್ಚವಾದ ಮೇಲೆ 1986ರ ಡಿಸೆಂಬರ್‌ನಲ್ಲಿ ಕೈಬಿಟ್ಟು ಬೋಯಿಂಗ್‌ನ ಇ-3 ಸೆಂಟ್ರಿ ಕೊಂಡಿತು. ಹತ್ತು ವರ್ಷಗಳ ನಂತರ ಹಳೆಯ ನಿಮ್ರಾಡ್ ದೇಹಗಳಿಗೇ ಹೊಸ ರೆಕ್ಕೆ, ಹೊಸ ಎಂಜಿನ್ ಜೋಡಿಸುವ ಎಂಆರ್‌ಎ4 ಯೋಜನೆಗೆ ಸಹಿ ಬಿತ್ತು. ಹಳೆಯ ದೇಹಗಳನ್ನು ಕೈಯಿಂದ ಕಟ್ಟಿದ್ದರಿಂದ ಒಂದರ ಅಳತೆ ಇನ್ನೊಂದಕ್ಕೆ ಸರಿಯಾಗಿ ಹೊಂದುತ್ತಿರಲಿಲ್ಲ. ಕಂಪ್ಯೂಟರ್ ವಿನ್ಯಾಸದಿಂದ ನಿಖರವಾಗಿ ತಯಾರಾದ ಹೊಸ ರೆಕ್ಕೆಗಳು ಅವಕ್ಕೆ ಕೂರಲಿಲ್ಲ. 21 ಎಂದಿದ್ದ ಸಂಖ್ಯೆ 9ಕ್ಕೆ ಇಳಿದು, 2010ರಲ್ಲಿ ಒಂದೂ ಸೇವೆಗೆ ಸೇರದೆ ಯೋಜನೆ ರದ್ದಾಯಿತು. ಹಳೆಯ ವಿಮಾನಗಳು ಆಗಲೇ ನಿವೃತ್ತವಾಗಿದ್ದವು. ದ್ವೀಪರಾಷ್ಟ್ರವೊಂದು ಸುಮಾರು ಹತ್ತು ವರ್ಷ ಸಾಗರ ಗಸ್ತು ವಿಮಾನವೇ ಇಲ್ಲದೆ ಕಳೆಯಬೇಕಾಯಿತು. ಕೊನೆಗೆ ಅಮೆರಿಕದ ಪಿ-8 ವಿಮಾನಗಳನ್ನು, ಅದೇ ಒಂಬತ್ತರ ಸಂಖ್ಯೆಯಲ್ಲಿ, ಕೊಂಡಿತು.

ಇದರಿಂದ ದೇಶೀಯ ಯೋಜನೆ ಬೇಡ ಎಂಬ ತೀರ್ಮಾನಕ್ಕೆ ಬರಬೇಕಿಲ್ಲ. ಬೇಡವಾದದ್ದು ಬದಲಿ ದಾರಿ ಇಲ್ಲದ ದೇಶೀಯ ಯೋಜನೆ. ಯಾವ ದಿನಾಂಕದೊಳಗೆ ಯಾವ ಪರೀಕ್ಷೆ ಮುಗಿಯದಿದ್ದರೆ ವಿದೇಶಿ ವಿಮಾನವನ್ನು ಕೊಳ್ಳುತ್ತೇವೆ, ಅದಕ್ಕೆ ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ಯೋಜನೆಗೆ ಒಪ್ಪಿಗೆ ಕೊಡುವ ದಿನವೇ ಬರೆದಿಡಬೇಕು. ಇಸ್ರೇಲ್‌ನ ಮಂತ್ರಿಮಂಡಲ 1987ರ ಆಗಸ್ಟ್ 30ರಂದು ಲಾವಿ ಯುದ್ಧವಿಮಾನವನ್ನು ಕೈಬಿಟ್ಟದ್ದು 12–11ರ ಮತದಿಂದ. ವಿಮಾನ ಆಗಲೇ ಹಾರುತ್ತಿತ್ತು. ಅದರ ಬದಲಿಗೆ, ವಿಮಾನದ ದೇಹ ಅಮೆರಿಕದ್ದಾದರೂ ಒಳಗಿನ ಎಲೆಕ್ಟ್ರಾನಿಕ್ಸ್ ಮತ್ತು ಶಸ್ತ್ರಗಳನ್ನು ಸ್ವಂತವಾಗಿ ಮಾಡಿಕೊಳ್ಳುವ ದಾರಿಯನ್ನು ಆ ದೇಶ ಹಿಡಿಯಿತು. ಸಣ್ಣ ದೇಶಗಳು ಗಂಭೀರವಾಗಿ ಪರಿಶೀಲಿಸಬೇಕಾದ ದಾರಿ ಇದು.

ಸರಬರಾಜು ನಿಂತರೆ ಏನಾಗುತ್ತದೆ

ವಿದೇಶಿ ವಿಮಾನದ ವಿರುದ್ಧ ಇರುವ ಅತ್ಯಂತ ಬಲವಾದ ವಾದ ಇದು. ಇಸ್ರೇಲ್ ಹಣ ಕೊಟ್ಟಿದ್ದ 50 ಮಿರಾಜ್ 5 ವಿಮಾನಗಳನ್ನು 1967ರ ಯುದ್ಧದ ಹೊತ್ತಿಗೆ ಫ್ರಾನ್ಸ್ ತಡೆಹಿಡಿಯಿತು. ಪಾಕಿಸ್ತಾನ ಹಣ ಕಟ್ಟಿದ್ದ 28 ಎಫ್-16 ವಿಮಾನಗಳು 1990ರ ಅಮೆರಿಕದ ನಿರ್ಬಂಧದ ನಂತರ ವರ್ಷಗಟ್ಟಲೆ ಅರಿಜೋನಾದ ಮರುಭೂಮಿಯಲ್ಲಿ ನಿಂತಿದ್ದವು. ಇರಾನ್‌ಗೆ ಕ್ರಾಂತಿಗೆ ಮೊದಲು 79 ಎಫ್-14 ವಿಮಾನಗಳು ಬಂದಿದ್ದವು. 1979ರ ನಂತರ ಅವುಗಳ ಬಿಡಿಭಾಗದ ದಾರಿಯೇ ಮುಚ್ಚಿತು. ತುರ್ಕಿ ಎಫ್-35 ಯೋಜನೆಯ ಪಾಲುದಾರನಾಗಿ ಅದರ ನೂರಾರು ಭಾಗಗಳನ್ನು ತಯಾರಿಸುತ್ತಿದ್ದರೂ, ರಷ್ಯಾದ ಎಸ್-400 ವಾಯುರಕ್ಷಣಾ ಕ್ಷಿಪಣಿ ವ್ಯವಸ್ಥೆಯನ್ನು ಕೊಂಡ ಕಾರಣಕ್ಕೆ 2019ರಲ್ಲಿ ಹೊರಬಿತ್ತು.

ಇಂತಹ ಉದಾಹರಣೆಗಳನ್ನು ಪಟ್ಟಿಮಾಡಿ ಭಯಪಡುವುದಕ್ಕಿಂತ, ಪ್ರತಿ ಬಿಡ್‌ಗೂ ಒಂದು ಪರೀಕ್ಷೆ ಮಾಡಿ. ನಾಳೆಯಿಂದ ಹೊರಗಿನ ಸರಬರಾಜು ಪೂರ್ತಿ ನಿಂತಿತು ಎಂದುಕೊಳ್ಳಿ. 30 ದಿನಗಳ ನಂತರ ಎಷ್ಟು ವಿಮಾನ ಹಾರಬಲ್ಲವು? ಒಂದು ವರ್ಷದ ನಂತರ? ಐದು ವರ್ಷದ ನಂತರ? ದೇಶೀಯ ಬಿಡ್‌ಗೂ ಇದೇ ಪರೀಕ್ಷೆಯನ್ನು ಅಷ್ಟೇ ಕಟ್ಟುನಿಟ್ಟಾಗಿ ಮಾಡಬೇಕು, ಏಕೆಂದರೆ ಆಮದು ಎಂಜಿನ್‌ನ ದೇಶೀಯ ವಿಮಾನವೂ ಐದನೆಯ ವರ್ಷಕ್ಕೆ ನೆಲಕಚ್ಚಬಹುದು. ವ್ಯತ್ಯಾಸ ಕಾಣುವುದು ಎಲ್ಲೆಂದರೆ, ವಿನ್ಯಾಸದ ಅಧಿಕಾರ ತನ್ನಲ್ಲಿರುವ ದೇಶ ಬೇರೆ ಭಾಗವನ್ನು ಹುಡುಕಿ ಜೋಡಿಸಬಲ್ಲದು. ಇಲ್ಲದ ದೇಶ ಕಾಯಬೇಕು. ತಡೆಯ ಸಾಧ್ಯತೆ ಎಲ್ಲ ವಿಮಾನಗಳಿಗೂ ಒಂದೇ ತೂಕದ್ದಲ್ಲ ಎಂಬುದನ್ನೂ ಮರೆಯಬಾರದು. ತರಬೇತಿ ವಿಮಾನ ಆರು ತಿಂಗಳು ನಿಂತರೆ ಕಷ್ಟ. ಮುಂಚೂಣಿಯ ಯುದ್ಧವಿಮಾನ ಆರು ವಾರ ನಿಂತರೆ ವಿಪತ್ತು.

ಉದ್ಯೋಗ ಮತ್ತು ಆಫ್‌ಸೆಟ್

ದೇಶೀಯ ಗುತ್ತಿಗೆಯಿಂದ ಇಷ್ಟು ಸಾವಿರ ಉದ್ಯೋಗ ಎಂಬ ಅಂಕಿಯನ್ನು ಕಂಪನಿಯೇ ಕೊಟ್ಟಿದ್ದರೆ ಅದನ್ನು ಮೌಲ್ಯಮಾಪನದಲ್ಲಿ ಸೇರಿಸಬೇಡಿ. ಸಂಬಳದ ಮೇಲಿನ ತೆರಿಗೆ ಖಜಾನೆಗೆ ಮರಳುತ್ತದೆ ಎಂಬುದು ನಿಜ, ಆದರೆ ಅದೇ ಎಂಜಿನಿಯರುಗಳು ಬೇರೆಡೆ ದುಡಿದಿದ್ದರೂ ತೆರಿಗೆ ಕಟ್ಟುತ್ತಿದ್ದರು. ಎಣಿಸಬೇಕಾದದ್ದು ಒಮ್ಮೆ ಚದುರಿದರೆ ಮತ್ತೆ ಕೂಡಿಸಲಾಗದ ತಂಡಗಳನ್ನು. ಕೆನಡಾ 1959ರ ಫೆಬ್ರುವರಿ 20ರಂದು ಅವ್ರೋ ಆರೋ ಯುದ್ಧವಿಮಾನವನ್ನು ರದ್ದುಪಡಿಸಿದಾಗ ಸಾವಿರಾರು ಜನ ಒಂದೇ ದಿನದಲ್ಲಿ ಕೆಲಸ ಕಳೆದುಕೊಂಡರು, ವಿನ್ಯಾಸಕಾರರಲ್ಲಿ ಹಲವರು ನಾಸಾ ಸೇರಿದರು, ಮತ್ತು ಆ ಬಳಿಕ ಕೆನಡಾ ತನ್ನದೇ ವಿನ್ಯಾಸದ ಯುದ್ಧವಿಮಾನವನ್ನು ಮಾಡಲೇ ಇಲ್ಲ. ಹಾಗಾಗಿ ಈ ಭಾಗದಲ್ಲಿ ಕೇಳಬೇಕಾದ ಪ್ರಶ್ನೆಗಳು ಎರಡು: ಈ ಗುತ್ತಿಗೆ ಸಿಗದಿದ್ದರೆ ಯಾವ ವಿನ್ಯಾಸ ತಂಡ ಮುಚ್ಚುತ್ತದೆ, ಮತ್ತು ಆ ತಂಡದ ಅಗತ್ಯ ಮುಂದಿನ ಇಪ್ಪತ್ತು ವರ್ಷಗಳಲ್ಲಿ ನಿಜವಾಗಿ ಇದೆಯೇ?

ವಿದೇಶಿ ತಯಾರಕರು ಕೊಡುವ ಆಫ್‌ಸೆಟ್ ವಾಗ್ದಾನ, ಅಂದರೆ ಗುತ್ತಿಗೆ ಹಣದ ಒಂದು ಪಾಲಿನಷ್ಟು ಕೆಲಸ ಅಥವಾ ಹೂಡಿಕೆಯನ್ನು ಕೊಳ್ಳುವ ದೇಶಕ್ಕೇ ಮರಳಿಸುವ ಮಾತು, ಉಚಿತವಲ್ಲ. ಅದರ ಖರ್ಚು ವಿಮಾನದ ಬೆಲೆಯಲ್ಲಿ ಸೇರಿಯೇ ಬರುತ್ತದೆ. ಆಫ್‌ಸೆಟ್ ಸಹಿತ ಮತ್ತು ಆಫ್‌ಸೆಟ್ ರಹಿತ ಎಂದು ಎರಡು ದರಗಳನ್ನು ಕೇಳಿದರೆ ಅದು ಎಷ್ಟೆಂದು ತಿಳಿಯುತ್ತದೆ. ಬ್ರೆಜಿಲ್ ಸ್ವೀಡನ್‌ನ 36 ಗ್ರಿಪೆನ್ ಯುದ್ಧವಿಮಾನ ಕೊಂಡಾಗ ತನ್ನ ಎಂಜಿನಿಯರುಗಳನ್ನು ಸ್ವೀಡನ್‌ಗೆ ಕಳುಹಿಸಿ, ಎರಡು ಆಸನದ ಮಾದರಿಯ ವಿನ್ಯಾಸದಲ್ಲೇ ಪಾಲ್ಗೊಳ್ಳುವಂತೆ ಮಾಡಿತು. ಚದುರಿದ ಹತ್ತು ಸಣ್ಣ ಆಫ್‌ಸೆಟ್ ಯೋಜನೆಗಳಿಗಿಂತ ಇಂತಹ ಒಂದು ಆಳವಾದ ಪಾಲ್ಗೊಳ್ಳುವಿಕೆಗೆ ಹೆಚ್ಚು ಬೆಲೆ ಕೊಡಬಹುದು.

ಒಪ್ಪಂದದ ಪುಟಗಳಲ್ಲಿ ಹುಡುಕಬೇಕಾದದ್ದು

ಮೊದಲಿಗೆ ತಾಂತ್ರಿಕ ದತ್ತಾಂಶದ ಹಕ್ಕು. ದೇಶೀಯ ಕಂಪನಿ ಎಂದಾಕ್ಷಣ ಇದು ತಾನಾಗಿ ಸಿಗುತ್ತದೆ ಎಂದು ನಂಬುವುದು ದೊಡ್ಡ ತಪ್ಪು. ಎಫ್-35 ಅಮೆರಿಕದ್ದೇ ವಿಮಾನ, ತಯಾರಕ ಲಾಕ್‌ಹೀಡ್ ಮಾರ್ಟಿನ್ ಅಮೆರಿಕದ್ದೇ ಕಂಪನಿ; ಆದರೂ ದುರಸ್ತಿಗೆ ಬೇಕಾದ ತಾಂತ್ರಿಕ ದತ್ತಾಂಶವನ್ನು ಆರಂಭದಲ್ಲೇ ಪಡೆಯದ ಕಾರಣ ಸರ್ಕಾರ ಗುತ್ತಿಗೆದಾರರ ಮೇಲೆ ಅತಿಯಾಗಿ ಅವಲಂಬಿಸಿದೆ ಎಂದು ಜಿಎಒ ಎತ್ತಿ ತೋರಿಸಿದೆ. ಆ ವಿಮಾನ ಸಮೂಹವನ್ನು ಅದರ ಆಯುಷ್ಯದುದ್ದಕ್ಕೂ ನಿರ್ವಹಿಸುವ ಅಂದಾಜು ವೆಚ್ಚ 2018ರಲ್ಲಿ 1.1 ಲಕ್ಷ ಕೋಟಿ ಡಾಲರ್ ಇದ್ದದ್ದು 2023ರ ಹೊತ್ತಿಗೆ 1.58 ಲಕ್ಷ ಕೋಟಿ ಡಾಲರ್‌ಗೆ ಏರಿದೆ. ಸ್ಪರ್ಧೆ ಇನ್ನೂ ಜೀವಂತವಿರುವಾಗ, ಅಂದರೆ ಸಹಿಗೆ ಮೊದಲು, ದತ್ತಾಂಶದ ಹಕ್ಕಿಗೆ ಒಂದು ದರ ಕೇಳಿ ಒಪ್ಪಂದದಲ್ಲಿ ಸೇರಿಸಬೇಕು. ಸಹಿಯಾದ ಮೇಲೆ ಅದೇ ಹಕ್ಕಿಗೆ ಕಂಪನಿ ಹೇಳಿದ್ದೇ ಬೆಲೆ.

ಎರಡನೆಯದು ಬೆಲೆಯ ಸ್ವರೂಪ. ಸಿದ್ಧವಾಗಿ ಹಾರುತ್ತಿರುವ ವಿಮಾನಕ್ಕೆ ನಿಗದಿತ ಬೆಲೆ ಸರಿ. ಇನ್ನೂ ರೂಪುಗೊಳ್ಳಬೇಕಾದ ವಿಮಾನಕ್ಕೆ ನಿಗದಿತ ಬೆಲೆ ಹಾಕಿದರೆ ಖರೀದಿದಾರರು ಗೆದ್ದಂತೆ ಕಾಣುತ್ತಾರೆ, ಆದರೆ ನಷ್ಟ ಬೇರೆ ರೂಪದಲ್ಲಿ ಮರಳಿ ಬರುತ್ತದೆ. ಟ್ಯಾಂಕರ್ ಗುತ್ತಿಗೆ ಗೆದ್ದ ಬೋಯಿಂಗ್ ಅದರಲ್ಲಿ 700 ಕೋಟಿ ಡಾಲರ್‌ಗೂ ಹೆಚ್ಚು ನಷ್ಟ ಅನುಭವಿಸಿತು. 2017ರ ಆಗಸ್ಟ್‌ಗೆ 18 ವಿಮಾನಗಳು ಸಿದ್ಧವಾಗಬೇಕಿದ್ದಲ್ಲಿ ಮೊದಲನೆಯದು ವಾಯುಪಡೆಗೆ ತಲುಪಿದ್ದೇ 2019ರ ಜನವರಿಯಲ್ಲಿ. ಇಂಧನ ಕೊಳವೆಯನ್ನು ನಿಯಂತ್ರಿಸುವ ಕ್ಯಾಮೆರಾ ವ್ಯವಸ್ಥೆಯ ದೋಷ ಆ ಮೇಲೂ ಉಳಿಯಿತು. ಸರ್ಕಾರದಿಂದ ಸರ್ಕಾರಕ್ಕೆ ನಡೆಯುವ ಅಮೆರಿಕದ ಮಾರಾಟ ಪದ್ಧತಿಯಲ್ಲಿ ಬರೆದಿರುವ ಬೆಲೆ ಅಂದಾಜು ಮಾತ್ರ ಎಂಬುದನ್ನೂ ಗಮನಿಸಬೇಕು. 36 ಎಫ್-35ಗಳಿಗೆ ಬೆಲೆ ನಿಗದಿಯಾಗಿದೆ ಎಂದು ತನ್ನ ಜನರಿಗೆ ಹೇಳಿದ್ದ ಸ್ವಿಟ್ಜರ್‌ಲೆಂಡ್ ಸರ್ಕಾರ, ಅಮೆರಿಕ ಅದನ್ನು ಒಪ್ಪುತ್ತಿಲ್ಲ ಎಂದು 2025ರಲ್ಲಿ ಪ್ರಕಟಿಸಬೇಕಾಯಿತು.

ಉಳಿದವನ್ನು ಚಿಕ್ಕದಾಗಿ ಹೇಳಬಹುದು. ಸ್ವಂತ ಕ್ಷಿಪಣಿ, ಬಾಂಬುಗಳನ್ನು ಇನ್ನೊಬ್ಬರ ಅನುಮತಿಯಿಲ್ಲದೆ ಜೋಡಿಸುವ ಹಕ್ಕು ಲಿಖಿತವಾಗಿರಲಿ. ದಂಡವನ್ನು ವಿಳಂಬಕ್ಕಷ್ಟೇ ಅಲ್ಲದೆ ಸಿದ್ಧ ವಿಮಾನಗಳ ಪ್ರಮಾಣ ಕುಸಿದದ್ದಕ್ಕೂ ಅನ್ವಯಿಸಿ. ಪರವಾನಗಿ ತಯಾರಿಕೆಯಲ್ಲಿ ದೋಷಕ್ಕೆ ಹೊಣೆ ಮೂಲ ಕಂಪನಿಯದೋ ದೇಶೀಯ ಕಾರ್ಖಾನೆಯದೋ ಎಂಬುದನ್ನು ಸಹಿಗೆ ಮೊದಲೇ ಬಗೆಹರಿಸಿ. ಭಾರತದ 126 ಯುದ್ಧವಿಮಾನಗಳ ಖರೀದಿಯಲ್ಲಿ 2012ರ ಆಯ್ಕೆಯ ನಂತರ ಮಾತುಕತೆ ಸಿಲುಕಿಕೊಂಡದ್ದು ಬಹುಮಟ್ಟಿಗೆ ಇದೇ ಹೊಣೆಯ ಪ್ರಶ್ನೆಯಲ್ಲಿ. ದೇಶದಲ್ಲಿ ಒಬ್ಬನೇ ತಯಾರಕನಿದ್ದರೆ ಸ್ಪರ್ಧೆಯ ಬದಲಿಗೆ ಅವನ ಲೆಕ್ಕಪುಸ್ತಕ ತೆರೆದು ನೋಡುವ ಹಕ್ಕು ಬೇಕು, ಮತ್ತು ಸರ್ಕಾರ ತನ್ನ ಕಡೆಯಿಂದ ಆದೇಶಗಳನ್ನು ತುಂಡು ತುಂಡಾಗಿ ಕೊಡುವುದನ್ನು ನಿಲ್ಲಿಸಬೇಕು. ಹತ್ತು ವಿಮಾನ ಕೊಟ್ಟು ಮೂರು ವರ್ಷ ಸುಮ್ಮನಿದ್ದು ಮತ್ತೆ ಹತ್ತು ಕೊಟ್ಟರೆ, ಪಳಗಿದ ಕೆಲಸಗಾರರು ಬಿಟ್ಟು ಹೋಗಿ ರೈಟ್ ಹೇಳಿದ ಇಳಿಜಾರಿನ ತುದಿಯಿಂದ ಪ್ರತಿಸಲವೂ ಹೊಸದಾಗಿ ಇಳಿಯಬೇಕಾಗುತ್ತದೆ.

ಮೊದಲು ತಯಾರಿಸಿದ ಹಾಳೆಗೆ ಈಗ ಬೆಲೆ, ಕಾಲ, ಸರಬರಾಜಿನ ಪರೀಕ್ಷೆಗಳ ಫಲಿತಾಂಶ ಸೇರಿರುತ್ತವೆ. ವಿನ್ಯಾಸದ ಅಧಿಕಾರ ದೇಶದಲ್ಲೇ ಇದ್ದು, ಬೇಕಾದ ಸಂಖ್ಯೆ ನೂರರ ಆಸುಪಾಸಿನಲ್ಲಿದ್ದು, ಹಳೆಯ ವಿಮಾನಗಳು ಇನ್ನೂ ಕೆಲವು ವರ್ಷ ತಾಳುವಂತಿದ್ದರೆ, ಸ್ವಲ್ಪ ಹೆಚ್ಚು ಬೆಲೆ ತೆತ್ತಾದರೂ ದೇಶೀಯ ತಯಾರಕರಿಗೆ ಗುತ್ತಿಗೆ ಕೊಡುವುದು ಸರಿ ಎಂದು ನಾನು ಭಾವಿಸುತ್ತೇನೆ. ಬೇಕಾದದ್ದು ಹತ್ತಿಪ್ಪತ್ತು ವಿಮಾನಗಳಾಗಿದ್ದರೆ, ಅಥವಾ ಕೊರತೆ ಈಗಾಗಲೇ ಬಾಗಿಲಿಗೆ ಬಂದಿದ್ದರೆ, ಸಿದ್ಧ ವಿದೇಶಿ ವಿಮಾನವನ್ನು ನೇರವಾಗಿ ಕೊಂಡು, ಉಳಿದ ಹಣವನ್ನು ದುರಸ್ತಿ ಸಾಮರ್ಥ್ಯಕ್ಕೆ, ಬಿಡಿಭಾಗಗಳ ದಾಸ್ತಾನಿಗೆ ಹಾಕುವುದು ಉತ್ತಮ. ಸಹಿಯಾದ ಮೇಲೂ ಆ ಹಾಳೆಯನ್ನು ಬಿಸಾಡಬೇಡಿ. ಪ್ರತಿ ವರ್ಷ ಬಜೆಟ್‌ಗೆ ಮೊದಲು ಅದನ್ನು ತೆರೆದು, ಬರಬೇಕಿದ್ದ ವಿಮಾನಗಳು ಎಷ್ಟು ಬಂದವು, ಬಂದವುಗಳಲ್ಲಿ ಎಷ್ಟು ಹಾರಾಟಕ್ಕೆ ಸಿದ್ಧವಿವೆ, ಕೊಡುತ್ತೇವೆಂದ ರೇಖಾಚಿತ್ರಗಳಲ್ಲಿ ಯಾವುವು ಇನ್ನೂ ಕೈಸೇರಿಲ್ಲ ಎಂಬುದನ್ನು ತುಂಬಿಸಿ, ಮುಂದಿನ ಕಂತು ಬಿಡುಗಡೆ ಮಾಡುವವರ ಮುಂದೆ ಇಡಬೇಕು.